ಗುರೂಜಿಗೆ ಕೊಟ್ಟ ದುಡ್ಡು ಕಾಣಿಕೆಯೋ, ಠೇವಣಿಯೋ? ದೂರು ಬರೆಯುವ ಮುಂಚೆ

ಏಕಶಿಲೆ_ಮಧುಗಿರಿ
ಮಧುಗಿರಿ–ಗೌರಿಬಿದನೂರು ಗಡಿಯ ಹಳ್ಳಿಗಳಲ್ಲಿ ಒಬ್ಬ ಸ್ವಯಂಘೋಷಿತ ಗುರೂಜಿ ಭಕ್ತರ ದುಡ್ಡು ನುಂಗಿದ ಆರೋಪ ಎದ್ದಿದೆ. ಹೆಸರು ಇಲ್ಲಿ ಬೇಡ. ದುಡ್ಡು ಹೋಗಿರೋದು ಮೂರು ದಾರಿಯಲ್ಲಿ. ಹುಣ್ಣಿಮೆ ಹೋಮಕ್ಕೆ ಅಂತ 5,001, 11,001ರ ಕಾಣಿಕೆ ಒಂದು. ‘ಕಲಶದಲ್ಲಿ ಇಡೋ’ ದುಡ್ಡು ಇನ್ನೊಂದು: 1 ಲಕ್ಷ ಇಟ್ಟರೆ ತಿಂಗಳಿಗೆ 5,000 ‘ಪ್ರಸಾದ’, 11 ತಿಂಗಳಾದ ಮೇಲೆ ಅಸಲು ವಾಪಸ್. ಇದಲ್ಲದೆ ಒಂದಿಬ್ಬರು ವಯಸ್ಸಾದವರು ಆಶ್ರಮದ ಟ್ರಸ್ಟಿಗೆ ಜಮೀನು ದಾನಪತ್ರ ಮಾಡಿಕೊಟ್ಟಿದ್ದಾರೆ. ಈಗ ಪ್ರಸಾದ ನಿಂತಿದೆ. ಠಾಣೆಗೆ ಹೋದವರಿಗೆ ‘ಭಕ್ತಿಯಿಂದ ನೀವೇ ಕೊಟ್ಟಿದ್ದೀರಿ, ಸಿವಿಲ್ ಮ್ಯಾಟರು’ ಅನ್ನೋ ಉತ್ತರ ಸಿಕ್ಕಿದೆಯಂತೆ. ಇದು ಸರಿಯಾ? ತಿಳಿದವರು ಬರೀರಿ.

ಕೋರ್ಟ್‌ಹಾಲ್_3
ಪೂರ್ತಿ ತಪ್ಪೂ ಅಲ್ಲ, ಪೂರ್ತಿ ಸರಿಯೂ ಅಲ್ಲ. ಮೂರು ಬಗೆಯ ದುಡ್ಡನ್ನೂ ಒಂದೇ ಅರ್ಜಿಯಲ್ಲಿ ಕಲಸಿ ‘ಗುರೂಜಿ ಮೋಸ ಮಾಡಿದ’ ಅಂತ ನಾಲ್ಕು ಸಾಲು ಬರೆದರೆ ಆ ಉತ್ತರವೇ ಬರುತ್ತೆ. ಮೂರನ್ನೂ ಬೇರೆ ಬೇರೆ ಬರೆಯಬೇಕು, ಮೂರಕ್ಕೂ ಬೇರೆ ಬೇರೆ ಕಾಯ್ದೆ ಇದೆ.

ಬಲವಾದದ್ದು ಎರಡನೆಯದು, ಕಲಶದ ದುಡ್ಡು. ವಾಪಸ್ ಕೊಡ್ತೀನಿ ಅಂದು ತೆಗೆದುಕೊಂಡ ಹಣ, ಅದಕ್ಕೆ ಪ್ರಸಾದ ಅನ್ನಲಿ, ಆಶೀರ್ವಾದ ಅನ್ನಲಿ, 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆಯಲ್ಲಿ ಠೇವಣಿಯೇ. ಅಲ್ಲಿ ಬಡ್ಡಿ ಅನ್ನೋ ಪದ ಇರಲೇಬೇಕು ಅಂತಿಲ್ಲ, ಹಿಂತಿರುಗಿಸುವ ಮಾತು ಇದ್ದರೆ ಸಾಕು. ಅಂಥ ಠೇವಣಿ ಸ್ವೀಕರಿಸಿದ್ದಕ್ಕೇ 2ರಿಂದ 7 ವರ್ಷ, ಮೋಸದಿಂದ ವಾಪಸ್ ಕೊಡದಿದ್ದರೆ 3ರಿಂದ 10 ವರ್ಷ. ಜನರನ್ನು ಕರೆತಂದು ಸೇರಿಸಿದವರಿಗೂ 1ರಿಂದ 5 ವರ್ಷ ಇದೆ. ಹಳ್ಳಿ ಹಳ್ಳಿಯ ‘ಪ್ರಧಾನ ಭಕ್ತರು’ ಇದನ್ನು ಗಮನಿಸಬೇಕು.

ಇದರ ಜೊತೆಗೆ ರಾಜ್ಯದ 2004ರ ಠೇವಣಿದಾರರ ಹಿತರಕ್ಷಣಾ ಕಾಯ್ದೆ ಸೇರಿಸಿ. ದುಡ್ಡು ವಾಪಸ್ ಬರುವ ದಾರಿ ಇರೋದು ಇದರಲ್ಲಿ. ಸರ್ಕಾರ ನೇಮಿಸಿದ ಸಕ್ಷಮ ಪ್ರಾಧಿಕಾರ ಆಸ್ತಿ ಜಪ್ತಿ ಮಾಡಿ, ವಿಶೇಷ ನ್ಯಾಯಾಲಯದ ಮೂಲಕ ಹರಾಜು ಹಾಕಿ, ಬಂದದ್ದನ್ನು ಪಾಲು ಪ್ರಕಾರ ಹಂಚುತ್ತೆ. ಬೆಂಗಳೂರಿನ 2019ರ ಐಎಂಎ ಹೂಡಿಕೆ ವಂಚನೆ ಪ್ರಕರಣದಲ್ಲಿ ನಡೆದದ್ದು ಇದೇ ಕಾಯ್ದೆ. ನಿಧಾನ, ನಿಜ. ಪೂರ್ತಿ ಬರುತ್ತೆ ಅಂತ ಯಾರೂ ಹೇಳೋಕಾಗಲ್ಲ. ಆದರೆ ಬರೀ ವಂಚನೆ ಕೇಸ್ ಹಾಕಿ ಕೂತರೆ ಆರೋಪಿಗೆ ಶಿಕ್ಷೆ ಆದರೂ ನಿಮ್ಮ ಕೈಗೆ ಕಾಸು ಬರೋದು ಕಷ್ಟ.

ವಂಚನೆಗೆ ಭಾರತೀಯ ನ್ಯಾಯ ಸಂಹಿತೆಯ 318(4), 7 ವರ್ಷದವರೆಗೆ. ಒಪ್ಪಿಸಿದ ಹಣ, ಒಡವೆ ದುರುಪಯೋಗಕ್ಕೆ 316(2), 5 ವರ್ಷದವರೆಗೆ. ಒಂದು ಎಚ್ಚರಿಕೆ: 2024ರ ಜುಲೈ 1ಕ್ಕಿಂತ ಮುಂಚೆ ಕೊಟ್ಟ ದುಡ್ಡಿಗೆ ಹಳೇ ದಂಡಸಂಹಿತೆಯ 420, 406 ಅನ್ವಯ. ಅದಕ್ಕೇ ದೂರಿನಲ್ಲಿ ಪ್ರತಿ ಕಂತಿನ ತಾರೀಕು ಇರಬೇಕು.

ರೇಷ್ಮೆಗೂಡು
60 ಪರ್ಸೆಂಟ್ ವಾರ್ಷಿಕ ಬಡ್ಡಿ ಯಾವ ವ್ಯಾಪಾರದಲ್ಲಿ ಹುಟ್ಟುತ್ತೆ ಸ್ವಾಮಿ? ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ರೇಟು ಎಷ್ಟೇ ಏರಿದರೂ ಇಷ್ಟು ಗಿಟ್ಟಲ್ಲ.

ಲೆಕ್ಕಪತ್ರ
ಹುಟ್ಟಬೇಕಾಗಿಯೇ ಇಲ್ಲ, ಲೆಕ್ಕ ಹಾಕಿ ನೋಡಿ. 100 ಜನ ತಲಾ 1 ಲಕ್ಷ ಅಂದರೆ 1 ಕೋಟಿ. ಕರೆತಂದವರಿಗೆ ನೂರಕ್ಕೆ 10 ಕಮಿಷನ್ ಹೋದರೆ ಕೈಲಿ 90 ಲಕ್ಷ. ತಿಂಗಳಿಗೆ 5 ಲಕ್ಷದಂತೆ 11 ತಿಂಗಳು ಪ್ರಸಾದ ಹಂಚಿದರೆ 55 ಲಕ್ಷ ಖಾಲಿ. ಉಳಿದದ್ದು 35 ಲಕ್ಷ, ಆ ಹೊತ್ತಿಗೆ ವಾಪಸ್ ಕೊಡಬೇಕಾದ ಅಸಲು 1 ಕೋಟಿ. 65 ಲಕ್ಷ ಕೊರತೆ. ಅದನ್ನು ತುಂಬೋಕೆ, ಕಮಿಷನ್ ಕಳೆದು, ಇನ್ನೂ 73 ಜನ ಹೊಸಬರು ಬೇಕು. ಹತ್ತನೇ ತಿಂಗಳಿಂದ ‘ಒಬ್ಬೊಬ್ಬರೂ ಒಬ್ಬರನ್ನು ಕರೆತನ್ನಿ, ಪುಣ್ಯ ಇಮ್ಮಡಿ’ ಅನ್ನೋ ಪ್ರವಚನ ಶುರುವಾಗೋದು ಈ ಕೊರತೆಯಿಂದ. ಅಸಲು ಕೇಳಲು ಬಂದವರಿಗೆ ‘ಕಲಶ ಮುಂದುವರಿಸಿ, ಈ ಸಲ 6,000’ ಅನ್ನೋದೂ ಇದರಿಂದಲೇ. ನಗದು ಹೊರಗೆ ಹೋಗಬಾರದು, ಅಷ್ಟೇ.

ಮೊದಲ ಕೆಲವು ತಿಂಗಳು ಪ್ರಸಾದ ತಪ್ಪದೆ ಬಂದಿದ್ದು ಪ್ರಾಮಾಣಿಕತೆಗೆ ಸಾಕ್ಷಿ ಅಲ್ಲ. ಅದು ನಿಮ್ಮದೇ ದುಡ್ಡು ನಿಮಗೆ ಕಂತಿನಲ್ಲಿ ಬಂದದ್ದು. ಆದರೆ ದೂರಿನಲ್ಲಿ ಅದನ್ನು ಮುಚ್ಚಿಡಬೇಡಿ. 1 ಲಕ್ಷ ಕೊಟ್ಟು 7 ಪ್ರಸಾದ ಪಡೆದವರ ನಿಜ ನಷ್ಟ 65,000. ಪೂರ್ತಿ 1 ಲಕ್ಷ ಅಂತ ಬರೆದು, ಆಮೇಲೆ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ 35,000 ಜಮೆ ಕಂಡರೆ ಎದುರು ವಕೀಲರಿಗೆ ಹಬ್ಬ.

ಕಾಣಿಕೆ ವಿಷಯಕ್ಕೆ ಬಂದರೆ, ರಸೀದಿ ಮೇಲೆ 80ಜಿ (1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ದಾನಕ್ಕೆ ತೆರಿಗೆ ವಿನಾಯಿತಿ ಕೊಡೋ ಕಲಂ) ಅಂತ ಅಚ್ಚಾಗಿದ್ದರೆ ಅದನ್ನೇ ಹಿಡಿಯಿರಿ. 80ಜಿ ಅನುಮೋದನೆ ಇರುವ ಟ್ರಸ್ಟು ಪ್ರತಿ ದಾನಿಯ ವಿವರವನ್ನು 10ಬಿಡಿ ನಮೂನೆಯಲ್ಲಿ ಮುಂದಿನ ಮೇ 31ರೊಳಗೆ ಸಲ್ಲಿಸಿ, ದಾನಿಗೆ 10ಬಿಇ ಪ್ರಮಾಣಪತ್ರ ಕೊಡಬೇಕು. ಆ ಪ್ರಮಾಣಪತ್ರ ಬಂದೇ ಇಲ್ಲ ಅಂದರೆ ಒಂದೋ ಅನುಮೋದನೆಯೇ ಇಲ್ಲ, ಇಲ್ಲಾ ನಿಮ್ಮ ದುಡ್ಡು ಟ್ರಸ್ಟಿನ ಪುಸ್ತಕ ಹತ್ತಿಲ್ಲ. ನಗದಿನಲ್ಲಿ 2,000ಕ್ಕಿಂತ ಹೆಚ್ಚು ಕೊಟ್ಟ ದಾನಕ್ಕೆ ವಿನಾಯಿತಿಯೇ ಸಿಗಲ್ಲ, ಅಂಥ ಮೊತ್ತಕ್ಕೆ ‘ಟ್ಯಾಕ್ಸ್ ಉಳಿಯುತ್ತೆ’ ಅಂತ ರಸೀದಿ ಹರಿದುಕೊಟ್ಟಿದ್ದರೆ ಅದೂ ಸುಳ್ಳು ಭರವಸೆಯ ಪುರಾವೆ.

ಬುಗುರಿ
ಮುಜರಾಯಿ ಇಲಾಖೆಗೆ ದೂರು ಕೊಟ್ಟರೆ ಆಗಲ್ವಾ? ಡಿಸಿ ಆಫೀಸಲ್ಲೇ ಇದೆಯಲ್ಲ.

ಕೋರ್ಟ್‌ಹಾಲ್_3
ಆಗಲ್ಲ. 1997ರ ಧಾರ್ಮಿಕ ದತ್ತಿ ಕಾಯ್ದೆ ಮಠಗಳಿಗೆ ಅನ್ವಯಿಸಲ್ಲ, ಇವರದ್ದು ಅಧಿಸೂಚಿತ ದೇವಸ್ಥಾನವೂ ಅಲ್ಲ. ಇಂಥ ಆಶ್ರಮ ಸಾಮಾನ್ಯವಾಗಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ಒಂದು ಟ್ರಸ್ಟ್ ಡೀಡು, ಅಷ್ಟೇ. ನೋಂದಣಿ ಆಗಿದೆ ಅಂದರೆ ಸರ್ಕಾರ ಒಪ್ಪಿದೆ ಅಂತ ಅರ್ಥ ಅಲ್ಲ. ಅದರ ನಕಲು ಬೇಕಿದ್ದರೆ ಹೀಗಿದೆ: ಡೀಡಿನಲ್ಲಿ ಸ್ಥಿರಾಸ್ತಿ ಸೇರಿದ್ದರೆ ಅದು 1ನೇ ಪುಸ್ತಕದಲ್ಲಿರುತ್ತೆ, ಯಾರು ಬೇಕಾದರೂ ಶುಲ್ಕ ಕಟ್ಟಿ ದೃಢೀಕೃತ ನಕಲು ತೆಗೆಯಬಹುದು. ಆಸ್ತಿ ಸೇರಿರದಿದ್ದರೆ 4ನೇ ಪುಸ್ತಕ, ಅದು ಪಾರ್ಟಿಗಳಿಗೆ ಮಾತ್ರ. ಆಗ ತನಿಖಾಧಿಕಾರಿ ಮೂಲಕವೇ ತರಿಸಬೇಕು. ಟ್ರಸ್ಟಿಗಳ ಪಟ್ಟಿ ನೋಡಿ. ಗುರೂಜಿಯ ಹೆಸರೇ ಇಲ್ಲದೆ ಬಾಮೈದ, ಡ್ರೈವರು, ಅಡುಗೆಯವರು ಟ್ರಸ್ಟಿಗಳಾಗಿರೋದು ಅಪರೂಪ ಅಲ್ಲ. ಹಾಗಿದ್ದರೆ ಎಲ್ಲರನ್ನೂ ಆರೋಪಿಗಳಾಗಿ ಹೆಸರಿಸಬೇಕು, ಇಲ್ಲದಿದ್ದರೆ ‘ಟ್ರಸ್ಟಿಗೂ ನನಗೂ ಸಂಬಂಧ ಇಲ್ಲ’ ಅಂತ ಕೈತೊಳೆದುಕೊಳ್ಳೋದು ಸುಲಭ.

ಪಹಣಿ_ಪುಟ
ದಾನಪತ್ರದ ಬಗ್ಗೆ. ಮೊದಲು ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ಋಣಭಾರ ಪ್ರಮಾಣಪತ್ರ ತೆಗೆಸಿ. ನಮೂನೆ 15 ಬಂದರೆ ವಹಿವಾಟು ನೋಂದಣಿಯಾಗಿದೆ, 16 ಬಂದರೆ ಆ ಅವಧಿಯಲ್ಲಿ ಏನೂ ಇಲ್ಲ. ಎಷ್ಟೋ ಸಲ ‘ದಾನ’ ಅಂತ ಹಿರಿಯರು ಅಂದುಕೊಂಡಿದ್ದು ಬರೀ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಆಗಿರುತ್ತೆ, ಇಲ್ಲಾ ಕ್ರಯದ ಕರಾರಾಗಿರುತ್ತೆ. ಜಿಪಿಎಯಿಂದ ಒಡೆತನ ಹೋಗಲ್ಲ, ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟ ಮಾಡಿದೆ. ಅದನ್ನು ರದ್ದುಪತ್ರ ನೋಂದಾಯಿಸಿ, ನೋಟಿಸ್ ಕೊಟ್ಟು ಮುಗಿಸಬಹುದು. ಹಣ ಪಡೆದು ಬರೆದುಕೊಟ್ಟ ಜಿಪಿಎ ಆದರೆ ಅಷ್ಟು ಸಲೀಸಲ್ಲ.

ನಿಜವಾದ ದಾನಪತ್ರ ಆಗಿದ್ದರೆ, ‘ರದ್ದು ಮಾಡ್ತೀನಿ’ ಅಂತ ಒಬ್ಬರೇ ಹೋಗಿ ಪತ್ರ ಬರೆಸಿ ಪ್ರಯೋಜನ ಇಲ್ಲ. ಅಂಥ ಪತ್ರ ಬರೆಯೋಕೆ ಫೀಸ್ ತಗೊಳ್ಳೋರು ಕಚೇರಿ ಮುಂದೆ ಬೇಕಾದಷ್ಟು ಜನ ಇದ್ದಾರೆ, ನಂಬಬೇಡಿ. ಸಿವಿಲ್ ಕೋರ್ಟಿನಲ್ಲಿ ದಾವೆಯೇ ಹಾಕಬೇಕು. ಮೋಸ ತಿಳಿದ ದಿನದಿಂದ 3 ವರ್ಷದೊಳಗೆ. ಅಷ್ಟರಲ್ಲಿ ಖಾತೆ ಇನ್ನೂ ಬದಲಾಗಿಲ್ಲದಿದ್ದರೆ ಮ್ಯುಟೇಶನ್ ನೋಟಿಸ್ ಅವಧಿಯೊಳಗೆ ತಾಲ್ಲೂಕು ಕಚೇರಿಗೆ ಲಿಖಿತ ತಕರಾರು ಕೊಟ್ಟು, ಸ್ವೀಕೃತಿ ಇಟ್ಟುಕೊಳ್ಳಿ. ಪಹಣಿಯ 9 ಮತ್ತು 11ನೇ ಕಾಲಂ ಪ್ರತಿ ವಾರ ನೋಡ್ತಿರಿ.

ಜಮೀನು ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಮಂಜೂರಾದದ್ದಾ ಅಂತ ಕೇಳಿ. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆ ದರಖಾಸ್ತು ಜಮೀನು ತುಂಬ. ಹಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದ ಪರಭಾರೆಯೇ ಅಸಿಂಧು, ದಾನವೂ ಸೇರಿ. ಉಪವಿಭಾಗಾಧಿಕಾರಿಗೆ ಅರ್ಜಿ. 2023ರ ತಿದ್ದುಪಡಿ ಕಾಲಮಿತಿ ಇಲ್ಲ ಅನ್ನುತ್ತೆ, ಆದರೂ ತೀರಾ ತಡವಾದ ಅರ್ಜಿಯನ್ನು ಕೋರ್ಟು ಒಪ್ಪದೇ ಇರಬಹುದು. ಹಿರಿಯ ನಾಗರಿಕರಾಗಿದ್ದು, ‘ಕೊನೆಗಾಲದವರೆಗೆ ಆಶ್ರಮ ನೋಡಿಕೊಳ್ಳುತ್ತೆ’ ಅನ್ನೋ ಷರತ್ತು ಪತ್ರದಲ್ಲೇ ಇದ್ದರೆ ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಕಲಂ ಕೂಡ ಅದೇ ಉಪವಿಭಾಗಾಧಿಕಾರಿ (ಎಸಿ) ಮುಂದೆ. ತುಮಕೂರು ಜಿಲ್ಲೆಯಲ್ಲಿ ತುಮಕೂರು, ತಿಪಟೂರು, ಮಧುಗಿರಿ ಮೂರು ಉಪವಿಭಾಗ ಇವೆ, ನಿಮ್ಮ ತಾಲ್ಲೂಕು ಯಾವುದಕ್ಕೆ ಸೇರುತ್ತೋ ಅಲ್ಲಿಗೇ ಹೋಗಿ.

ಬುಗುರಿ
ಆದರೆ ಸ್ವಂತ ಇಚ್ಛೆಯಿಂದ ಸಹಿ ಹಾಕಿದ್ದಾರಲ್ಲ, ವಿಡಿಯೋ ಬೇರೆ ಮಾಡಿಸಿದ್ದಾರಂತೆ.

ಕೋರ್ಟ್‌ಹಾಲ್_3
ಗುರು–ಶಿಷ್ಯ ಸಂಬಂಧದಲ್ಲಿ ಕೋರ್ಟು ಅಷ್ಟಕ್ಕೇ ಸುಮ್ಮನಾಗಲ್ಲ. 1890ರಲ್ಲೇ ಅಲಹಾಬಾದ್ ಹೈಕೋರ್ಟ್ ಮನ್ನೂ ಸಿಂಗ್ ವಿರುದ್ಧ ಉಮಾದತ್ ಪಾಂಡೆ ಪ್ರಕರಣದಲ್ಲಿ, ಪರಲೋಕದ ಹಿತಕ್ಕೆ ಅಂತ ವೃದ್ಧ ಶಿಷ್ಯ ತನ್ನ ಆಸ್ತಿಯನ್ನೆಲ್ಲ ಗುರುವಿಗೆ ಬರೆದುಕೊಟ್ಟ ದಾನವನ್ನು ರದ್ದು ಮಾಡಿದೆ. ಕರಾರು ಕಾಯ್ದೆಯ 16ನೇ ಕಲಂ, ಅನುಚಿತ ಪ್ರಭಾವ. ಒಬ್ಬರ ಮನಸ್ಸಿನ ಮೇಲೆ ಹಿಡಿತ ಇರುವವರು ಅವರಿಂದ ಆಸ್ತಿ ಪಡೆದು, ವ್ಯವಹಾರ ಮೇಲ್ನೋಟಕ್ಕೇ ಅನ್ಯಾಯ ಅನಿಸಿದರೆ, ಪ್ರಭಾವ ಬೀರಿಲ್ಲ ಅಂತ ಸಾಬೀತು ಮಾಡುವ ಹೊರೆ ಪಡೆದವರ ಮೇಲೆ. ಕೇಳುವ ಪ್ರಶ್ನೆಗಳು ಇಷ್ಟು: ಬೇರೆ ವಕೀಲರ ಸಲಹೆ ಸಿಕ್ಕಿತ್ತಾ? ಮನೆಯವರಿಗೆ ಗೊತ್ತಿತ್ತಾ? ಪತ್ರ ಬರೆಸಿದ್ದು, ಸ್ಟ್ಯಾಂಪ್ ಖರ್ಚು ಕೊಟ್ಟಿದ್ದು ಯಾರು? ಸಾಕ್ಷಿಗಳೆಲ್ಲ ಆಶ್ರಮದವರೇನಾ? ಕೊಟ್ಟಮೇಲೆ ಅವರಿಗೆ ಉಳಿದದ್ದು ಏನು? ವಿಡಿಯೋದಲ್ಲಿ ನಗುತ್ತಾ ಸಹಿ ಹಾಕಿದ್ದು ಇದ್ಯಾವುದಕ್ಕೂ ಉತ್ತರ ಅಲ್ಲ.

ಹೊಸೂರು_ದಾರಿ
ಇವರ ಮೇಲೆ ಮೌಢ್ಯ ನಿಷೇಧ ಕಾಯ್ದೆ ಯಾಕೆ ಹಾಕಲ್ಲ? ಫೋಟೋದಿಂದ ವಿಭೂತಿ ಉದುರಿಸೋದು, ಬೆಂಕಿಪೊಟ್ಟಣ ಇಲ್ಲದೆ ಹೋಮ ಹೊತ್ತಿಸೋದು, ಎಲ್ಲ ಗೊತ್ತಿರೋ ಕೈಚಳಕ. ಅಲ್ಯೂಮಿನಿಯಂ ಕಟ್ಟಿನ ಮೇಲೆ ಮರ್ಕ್ಯುರಿಕ್ ಕ್ಲೋರೈಡ್ ದ್ರಾವಣ ಸವರಿದರೆ ಲೋಹ ಗಾಳಿಯ ಜೊತೆ ವರ್ತಿಸಿ ಬೂದಿಯಂಥ ಪುಡಿ ಬಿಡುತ್ತಾ ಹೋಗುತ್ತೆ. ಮರದ ಕಟ್ಟಿನ ಫೋಟೋದಿಂದ ಉದುರಿಸಲು ಹೇಳಿ ನೋಡಿ, ಆ ದಿನ ಗುರೂಜಿಗೆ ಮೌನವ್ರತ ಬರುತ್ತೆ. ಹೋಮಕುಂಡದಲ್ಲಿ ಮೊದಲೇ ಪೊಟ್ಯಾಸಿಯಂ ಪರ್ಮಾಂಗನೇಟ್ ಹರಳಿನ ಪುಡಿ, ಮೇಲೆ ‘ತುಪ್ಪ’ ಅಂತ ಗ್ಲಿಸರಿನ್. ತಕ್ಷಣ ಹೊತ್ತಿಕೊಳ್ಳಲ್ಲ, ಕೆಲವು ಸೆಕೆಂಡು ಬೇಕು, ಅಷ್ಟೊತ್ತಿಗೆ ಒಂದು ಮಂತ್ರ. ಚಳಿ ಹೆಚ್ಚಿದ್ದರೆ ಇನ್ನೂ ತಡ, ಆಗ ಮಂತ್ರವೂ ಉದ್ದ. ಕೈಯಿಂದ ಬರುವ ವಿಭೂತಿ ಗಂಜಿ ಹಾಕಿ ಉಂಡೆ ಕಟ್ಟಿ ಒಣಗಿಸಿದ್ದು, ಹೆಬ್ಬೆರಳ ಬುಡದಲ್ಲಿರುತ್ತೆ, ಹಿಸುಕಿದರೆ ಪುಡಿ. ‘ಅಕ್ಕಿ ಎಳೆಯೋ ಚೊಂಬು’ ಅಂತೂ ಕಬ್ಬಿಣದ ಪುಡಿ ಅಂಟಿಸಿದ ಅಕ್ಕಿ, ಚೊಂಬಿನೊಳಗೆ ಅಯಸ್ಕಾಂತ.

1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪವಾಡಗಳ ತನಿಖೆಗೆ ಸಮಿತಿ ಮಾಡಿದ ಎಚ್. ನರಸಿಂಹಯ್ಯನವರು ಇದೇ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಅವರ ಊರಿನ ಮಗ್ಗುಲಲ್ಲೇ ಇದು ನಡೀತಿದೆ ಅಂದರೆ ಏನು ಹೇಳೋದು.

ಕೋರ್ಟ್‌ಹಾಲ್_3
ಆ ಕಾಯ್ದೆ 2017ರದ್ದು, ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. 1ರಿಂದ 7 ವರ್ಷ ಶಿಕ್ಷೆ, 5,000ದಿಂದ 50,000 ದಂಡ. ಆದರೆ ಅದು ಅನುಸೂಚಿಯಲ್ಲಿ ಹೆಸರಿಸಿದ ಆಚರಣೆಗಳಿಗೆ ಮಾತ್ರ. ನಿಧಿ ತೆಗೀತೀನಿ ಅಂತ ವಾಮಾಚಾರ, ಭೂತ ಬಿಡಿಸೋ ಹೆಸರಲ್ಲಿ ಹಿಂಸೆ, ಹಾವು–ನಾಯಿ ಕಚ್ಚಿದವರಿಗೆ ಆಸ್ಪತ್ರೆ ತಪ್ಪಿಸಿ ಮಂತ್ರ, ಇಂಥವು. ಜ್ಯೋತಿಷ್ಯ, ವಾಸ್ತು, ಪ್ರವಚನ, ಭಜನೆ ಹೊರಗಿವೆ. ಕಲಶದ ದುಡ್ಡಿನ ಕೇಸಿಗೆ ಇದನ್ನೇ ಮುಖ್ಯ ಮಾಡಿದರೆ ವಾದ ‘ನಮ್ಮ ಧರ್ಮದ ಮೇಲೆ ದಾಳಿ’ ಅನ್ನೋ ಕಡೆ ಹೊರಳಿ, ಠೇವಣಿ ಮೂಲೆ ಸೇರುತ್ತೆ. ಪವಾಡದ ಮಾತು ದೂರಿನಲ್ಲಿ ಒಂದು ಪ್ಯಾರಾ ಸಾಕು: ಇಂಥ ದಿನ ಇಂಥದ್ದು ತೋರಿಸಿ, ಅದನ್ನು ನಂಬಿಸಿ ಇಷ್ಟು ಹಣ ಪಡೆದರು. ವಂಚನೆಗೆ ಬೇಕಾದದ್ದು ಅದೇ, ಹಣ ಪಡೆಯುವಾಗಲೇ ಮೋಸದ ಉದ್ದೇಶ ಇತ್ತು ಅನ್ನೋದು. ಕಟ್ಟು, ಚೊಂಬು ನೀವು ಒಡೆದು ನೋಡಬೇಡಿ, ಕಿತ್ತುಕೊಂಡೂ ಬರಬೇಡಿ. ಪೊಲೀಸರು ಪಂಚನಾಮೆ ಮಾಡಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಿದರೆ ಅದು ಸಾಕ್ಷಿ, ನೀವು ತಂದರೆ ನಿಮ್ಮ ಮೇಲೇ ಕೇಸು.

‘ದುಡ್ಡು ವಾಪಸ್ ಕೇಳಿದರೆ ದೇವರ ಶಾಪ ತಟ್ಟುತ್ತೆ, ಮನೆ ಹಾಳಾಗುತ್ತೆ’ ಅಂತ ಬೆದರಿಸಿದ್ದರೆ ನ್ಯಾಯ ಸಂಹಿತೆಯ 354 ಇದೆ. ಶಿಕ್ಷೆ 1 ವರ್ಷದವರೆಗೆ ಮಾತ್ರ, ಕಾಲಮಿತಿಯೂ 1 ವರ್ಷ. ಆಡಿಯೋ ಇದ್ದರೆ ತಡ ಮಾಡಬೇಡಿ.

ಹೊಸೂರು_ದಾರಿ
ಒಪ್ಪಲ್ಲ. ಪವಾಡ ಬಯಲಾಗದೆ ಸಾಕ್ಷಿ ಹೇಳೋಕೆ ಯಾರೂ ಮುಂದೆ ಬರಲ್ಲ. ಅರ್ಧ ಊರು ಇನ್ನೂ ‘ಸ್ವಾಮಿ ಪರೀಕ್ಷೆ ಮಾಡ್ತಿದ್ದಾರೆ’ ಅಂತಲೇ ಕೂತಿದೆ. ಕಲಂ ಓದಿ ಹೇಳಿದರೆ ಅವರು ಏಳ್ತಾರಾ?

ಲೆಕ್ಕಪತ್ರ
ಏಳ್ತಾರೆ. ಪಕ್ಕದ ಮನೆಯವರಿಗೂ ಪ್ರಸಾದ ನಿಂತಿದೆ ಅಂತ ಗೊತ್ತಾದ ದಿನ ಏಳ್ತಾರೆ. ಒಬ್ಬೊಬ್ಬರಿಗೂ ‘ನಿನ್ನ ಕಲಶಕ್ಕೆ ಮಾತ್ರ ದೋಷ’ ಅಂತ ಹೇಳಿ ಬಾಯಿ ಮುಚ್ಚಿಸಿರ್ತಾರೆ.

ಗಡಿಕಲ್ಲು
ಇಲ್ಲೊಂದು ತೊಡಕು ಯಾರೂ ಹೇಳಿಲ್ಲ. ದುಡ್ಡು ಹೋದ ಬ್ಯಾಂಕ್ ಖಾತೆ ಹಿಂದೂಪುರದ್ದೋ ಮದನಪಲ್ಲಿಯದ್ದೋ ಆಗಿದ್ದರೆ ಠಾಣೆಯವರು ‘ಆಂಧ್ರಕ್ಕೆ ಹೋಗಿ’ ಅಂತಾರೆ. ಹೋಗಬೇಕಾಗಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ (ಹಳೇ ಸಿಆರ್‌ಪಿಸಿ ಬದಲಿಗೆ ಬಂದದ್ದು) 173ರ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಮಾಹಿತಿ ದಾಖಲಿಸಿಕೊಳ್ಳಲೇಬೇಕು. ಅಲ್ಲದೆ ನೀವು ದುಡ್ಡು ಕೊಟ್ಟದ್ದು ಇಲ್ಲಿಂದ, ಹಾಗಾಗಿ ಇಲ್ಲೂ ವ್ಯಾಪ್ತಿ ಇದೆ. ದೊಡ್ಡ ಮೊತ್ತ, ಆನ್‌ಲೈನ್ ಪಾವತಿ ಆಗಿದ್ದರೆ ನೇರ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗೆ ಹೋಗಿ. ಕೋಲಾರದವರು ಗಮನಿಸಿ, ಕೆಜಿಎಫ್ ಬೇರೆಯೇ ಪೊಲೀಸ್ ಜಿಲ್ಲೆ, ಅಲ್ಲಿಗೆ ಬೇರೆ ಎಸ್ಪಿ. ಕೋಲಾರದ ಎಸ್ಪಿಗೆ ಸ್ಪೀಡ್ ಪೋಸ್ಟ್ ಹಾಕಿ ಕಾಯ್ತಾ ಕೂರಬೇಡಿ.

ಯುಪಿಐ ಪಾವತಿ ತೀರಾ ಇತ್ತೀಚಿನದಾದರೆ ಮೊದಲು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್. ಹಣ ಇನ್ನೂ ಖಾತೆಯಲ್ಲಿದ್ದರೆ ತಡೆಹಿಡಿಯೋ ಅವಕಾಶ ಇರುತ್ತೆ, ತಿಂಗಳು ಕಳೆದಿದ್ದರೆ ಅದರಿಂದ ಏನೂ ಆಗಲ್ಲ. ರಿಸರ್ವ್ ಬ್ಯಾಂಕಿನ ಸಚೇತ್ ಜಾಲತಾಣದಲ್ಲೂ ಠೇವಣಿ ದೂರು ಹಾಕಿ, ಅದರ ಸಂಖ್ಯೆಯನ್ನು ಠಾಣೆಯ ದೂರಿನಲ್ಲಿ ನಮೂದಿಸಿ.

ಏಕಶಿಲೆ_ಮಧುಗಿರಿ
ದೂರಿನ ಜೊತೆ ಏನೇನು ಇಡಬೇಕು? ಹೆಚ್ಚಿನವರ ಹತ್ತಿರ ರಸೀದಿ ಇಲ್ಲ. ವಾಟ್ಸ್ಯಾಪ್ ಗ್ರೂಪು, ಒಂದು ಕೆಂಪು ದಾರ, ತಾಮ್ರದ ತಗಡು ಇಷ್ಟೇ.

ಗಡಿಕಲ್ಲು
ತಗಡೂ ಇರಲಿ, ಬಿಸಾಡಬೇಡಿ. ಕಲಶದ ಸಂಖ್ಯೆ ಕೆತ್ತಿದ್ದರೆ ಅದೇ ಪಾಸ್‌ಬುಕ್ಕು.

ವಾಟ್ಸ್ಯಾಪ್ ಮುಖ್ಯ. ಗ್ರೂಪಿನಿಂದ ಹೊರಬರಬೇಡಿ. ಹೊರಬಂದಮೇಲೆ ಹೊಸ ಸಂದೇಶ ಸಿಗಲ್ಲ, ಅಡ್ಮಿನ್ ಅಳಿಸಿದ್ದೂ ಗೊತ್ತಾಗಲ್ಲ. ಚಾಟ್ ಎಕ್ಸ್‌ಪೋರ್ಟ್ ಮಾಡಿ, ಮಾಯವಾಗುವ ಸಂದೇಶದ ಸೆಟ್ಟಿಂಗ್ ಆನ್ ಆಗಿದೆಯಾ ನೋಡಿ, ಆಗಿದ್ದರೆ ಇವತ್ತೇ ಎಕ್ಸ್‌ಪೋರ್ಟ್. ಸ್ಕ್ರೀನ್‌ಶಾಟ್‌ನಲ್ಲಿ ಕಳಿಸಿದವರ ಹೆಸರಿನ ಬದಲು ನಂಬರ್ ಕಾಣೋ ಹಾಗೆ ಪ್ರೊಫೈಲ್ ಪುಟದ್ದೂ ಒಂದು ಚಿತ್ರ ತೆಗೀರಿ. ಮೂಲ ಫೋನ್ ಮಾರಬೇಡಿ, ರೀಸೆಟ್ ಮಾಡಬೇಡಿ. ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರಕ್ಕೆ ಆ ಫೋನೇ ಬೇಕು, ಅದರಲ್ಲಿ ಹ್ಯಾಶ್ ಮೌಲ್ಯ (ಕಡತ ಬದಲಾಗಿಲ್ಲ ಅಂತ ತೋರಿಸೋ ಸಂಕೇತ) ಬರೆಯೋ ಜಾಗ ಇದೆ. ಅದನ್ನು ತನಿಖೆ ಹಂತದಲ್ಲೇ ಮಾಡಿಸಿ, ಪ್ರಮಾಣಪತ್ರ ಇಲ್ಲದಿದ್ದರೆ ವಿಚಾರಣೆಯಲ್ಲಿ ಪ್ರಿಂಟೌಟು ಬರೀ ಕಾಗದ ಆಗುತ್ತೆ.

ಯುಪಿಐಗೆ 12 ಅಂಕಿಯ ಉಲ್ಲೇಖ ಸಂಖ್ಯೆ, ಸ್ಟೇಟ್‌ಮೆಂಟ್ ಶಾಖೆಯಿಂದ ದೃಢೀಕರಿಸಿದ್ದು. ನಗದಾದರೆ ಆ ದಿನ ಅಥವಾ ಹಿಂದಿನ ದಿನ ಖಾತೆಯಿಂದ ತೆಗೆದದ್ದು, ಇಲ್ಲಾ ಒಡವೆ ಗಿರವಿ ಇಟ್ಟ ಚೀಟಿ, ಇಲ್ಲಾ ಕೊಬ್ಬರಿ, ಟೊಮ್ಯಾಟೊ ಹಾಕಿದ ಮಂಡಿ ಪಟ್ಟಿ. ದುಡ್ಡು ಎಲ್ಲಿಂದ ಬಂತು ಅನ್ನೋದಕ್ಕೆ ಆಧಾರ ಸಿಕ್ಕರೆ, ಎಲ್ಲಿಗೆ ಹೋಯಿತು ಅನ್ನೋ ಮಾತಿಗೆ ತೂಕ ಬರುತ್ತೆ. ಒಡವೆಯನ್ನೇ ಕೊಟ್ಟಿದ್ದರೆ ಅಂಗಡಿ ಬಿಲ್ ಹುಡುಕಿ. ಈಚಿನ ಹಾಲ್‌ಮಾರ್ಕ್ ಒಡವೆಗಳ ಮೇಲೆ ಅಕ್ಷರ–ಅಂಕಿ ಸೇರಿದ 6 ಸ್ಥಾನದ ಎಚ್‌ಯುಐಡಿ ಅನ್ನೋ ಗುರುತಿನ ಸಂಖ್ಯೆ ಇರುತ್ತೆ. ಬಿಲ್‌ನಲ್ಲಿ ಅದು ನಮೂದಾಗಿದ್ದರೆ, ಜಪ್ತಿಯಾದ ಗುಡ್ಡೆಯಲ್ಲಿ ನಿಮ್ಮ ಬಳೆ ಯಾವುದು ಅಂತ ತೋರಿಸಬಹುದು.

ಇದನ್ನೆಲ್ಲ ಒಬ್ಬೊಬ್ಬರಿಗೆ ಒಂದು ಹಾಳೆಯಂತೆ ಪಟ್ಟಿ ಮಾಡಿ: ತಾರೀಕು, ಮೊತ್ತ, ಯಾವ ರೂಪದಲ್ಲಿ, ಯಾರ ಕೈಗೆ ಅಥವಾ ಯಾವ ಖಾತೆಗೆ, ಆಗ ಏನು ಮಾತು ಕೊಟ್ಟರು, ಎದುರಿಗೆ ಯಾರಿದ್ದರು, ಎಷ್ಟು ವಾಪಸ್ ಬಂದಿದೆ. ಎಲ್ಲರದ್ದೂ ಒಂದೇ ವಾಕ್ಯ ನಕಲು ಹೊಡೆದ ದೂರು ತರಬೇಡಿ, ಹೇಳಿಕೊಟ್ಟಿದ್ದು ಅಂತ ಮೊದಲ ನೋಟಕ್ಕೇ ಗೊತ್ತಾಗುತ್ತೆ.

ರೇಷ್ಮೆಗೂಡು
ಠಾಣೆಯಲ್ಲಿ ತಗೊಳ್ಳದಿದ್ದರೆ?

ಕೋರ್ಟ್‌ಹಾಲ್_3
ಅರ್ಜಿ ಕೊಟ್ಟ ಸ್ವೀಕೃತಿ ಕೇಳಿ. ಎಫ್‌ಐಆರ್ ಆದರೆ ನಕಲು ಉಚಿತ. 3 ವರ್ಷ ಅಥವಾ ಹೆಚ್ಚು, ಆದರೆ 7 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಕ್ಕೆ ಡಿವೈಎಸ್ಪಿ ಅನುಮತಿ ಪಡೆದು 14 ದಿನ ಪ್ರಾಥಮಿಕ ವಿಚಾರಣೆ ಮಾಡಬಹುದು, ಅದಕ್ಕಿಂತ ಎಳೆಯೋಕೆ ಬರಲ್ಲ. ಆಗದಿದ್ದರೆ ಎಸ್ಪಿಗೆ ಲಿಖಿತವಾಗಿ, ಸುರಕ್ಷಾ ಸಂಹಿತೆಯ 173(4). ಅಲ್ಲೂ ಆಗದಿದ್ದರೆ 175(3)ರಡಿ ಮ್ಯಾಜಿಸ್ಟ್ರೇಟ್ ಮುಂದೆ, ಅಫಿಡವಿಟ್ ಸಮೇತ. ಎಸ್ಪಿ ಹಂತ ಹಾರಿಸಿ ನೇರ ಕೋರ್ಟಿಗೆ ಹೋದರೆ ಅರ್ಜಿ ವಾಪಸ್ ಬರುತ್ತೆ. ಕೇಸ್ ಆದ ದಿನವೇ ಖಾತೆ ತಡೆಹಿಡಿಯಲು 106ರಡಿ, ಆಸ್ತಿ ಜಪ್ತಿಗೆ 107ರಡಿ ತನಿಖಾಧಿಕಾರಿಗೆ ಬೇರೆ ಮನವಿ ಕೊಡಿ. ಸರ್ವೆ ನಂಬರ್, ಗಾಡಿ ನಂಬರ್, ಖಾತೆ ನಂಬರ್ ನೀವೇ ಬರೆದುಕೊಟ್ಟರೆ ಕೆಲಸ ಬೇಗ ಆಗುತ್ತೆ. ವಕೀಲರ ಫೀಸಿಗೆ ಕಷ್ಟ ಅಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಸಹಾಯವಾಣಿ 15100. ಹೆಣ್ಣುಮಕ್ಕಳಿಗೆ ಆದಾಯ ಮಿತಿ ಇಲ್ಲ.

ಬುಗುರಿ
ಈಗ ಆಶ್ರಮದವರು ರಾಜಿಗೆ ಕರೀತಿದ್ದಾರಂತೆ. ಮೂರು ತಿಂಗಳ ಮುಂದಿನ ತಾರೀಕಿನ ಚೆಕ್ ಕೊಡ್ತಾರಂತೆ, ‘ಸ್ವಇಚ್ಛೆಯ ಕಾಣಿಕೆ, ನನ್ನ ದೂರೇನೂ ಇಲ್ಲ’ ಅಂತ ಛಾಪಾ ಕಾಗದಕ್ಕೆ ಸಹಿ ಹಾಕಬೇಕಂತೆ.

ಕೋರ್ಟ್‌ಹಾಲ್_3
ಹಾಕಿದರೆ ಚೆಕ್ಕೂ ಹೋಯಿತು. ಚೆಕ್ ಬೌನ್ಸ್ ಕೇಸಿಗೆ ಹಿಂದೆ ಸಾಲ ಅಥವಾ ಬಾಕಿ ಇರಬೇಕು. ಕಾಣಿಕೆ ಅಂತ ನೀವೇ ಬರೆದುಕೊಟ್ಟರೆ ಬಾಕಿ ಎಲ್ಲಿ ಉಳಿಯಿತು? ಚೆಕ್ ತಗೊಳ್ಳೋದಾದರೆ ಪತ್ರದಲ್ಲಿ ‘ಇಂಥ ದಿನ ಪಡೆದ ಇಷ್ಟು ಹಣವನ್ನು ಹಿಂತಿರುಗಿಸಲು’ ಅಂತಲೇ ಇರಬೇಕು, ಸಹಿ ಖಾತೆದಾರರದ್ದೇ ಆಗಿರಬೇಕು. ಚೆಕ್ಕಿನ ತಾರೀಕಿಂದ 3 ತಿಂಗಳೊಳಗೆ ಬ್ಯಾಂಕಿಗೆ ಹಾಕಿ, ವಾಪಸ್ ಬಂದರೆ 30 ದಿನದೊಳಗೆ ನೋಟಿಸ್, ಅವರಿಗೆ 15 ದಿನ ಸಮಯ, ಅದು ಮುಗಿದ 1 ತಿಂಗಳೊಳಗೆ ದೂರು. ಒಂದು ಗಡುವು ತಪ್ಪಿದರೂ ತಡಕ್ಕೆ ಕಾರಣ ಕೊಟ್ಟು ಕೋರ್ಟಿನ ಮುಂದೆ ಕೈಕಟ್ಟಿ ನಿಲ್ಲಬೇಕು, ಕೆಲವಕ್ಕೆ ಆ ಅವಕಾಶವೂ ಇಲ್ಲ. 318(4)ರ ಕೇಸು ದಾಖಲಾದಮೇಲೆ ರಾಜಿ ಕೋರ್ಟಿನ ಅನುಮತಿಯಿಂದಲೇ ಆಗಬೇಕು, ಠಾಣೆಯ ಜಗಲಿಯಲ್ಲಿ ಅಲ್ಲ.

ಲೆಕ್ಕಪತ್ರ
ಇನ್ನು ‘ನಿಮ್ಮ ದುಡ್ಡು ವಾಪಸ್ ಕೊಡಿಸ್ತೀವಿ, ನೂರಕ್ಕೆ 5 ಮುಂಗಡ’ ಅಂತ ಬೆಂಗಳೂರಿಂದ ಫೋನ್ ಮಾಡೋರು ಶುರುವಾಗಿರಬೇಕು ಇಷ್ಟೊತ್ತಿಗೆ. ಸಂತ್ರಸ್ತರ ನಂಬರು ಅವರಿಗೆ ಸಿಗೋದು ಅದೇ ವಾಟ್ಸ್ಯಾಪ್ ಗ್ರೂಪಿನಿಂದ. ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಿಸೋಕೆ ಮುಂಗಡ ಕೇಳೋ ಮಧ್ಯವರ್ತಿಯ ಅಗತ್ಯವೇ ಇಲ್ಲ.

ಏಕಶಿಲೆ_ಮಧುಗಿರಿ
ಕೊನೇ ಪ್ರಶ್ನೆ. ಕಮಿಷನ್ ತಿಂದು ಜನ ಸೇರಿಸಿದ ಒಬ್ಬರು, ತಮ್ಮದೂ 4 ಲಕ್ಷ ಹೋಗಿದೆ ಅಂತ ದೂರಿಗೆ ತಾವೂ ಸಹಿ ಹಾಕ್ತೀನಿ ಅಂತಿದ್ದಾರೆ. ಸೇರಿಸಿಕೊಳ್ಳಬಹುದಾ?

ಕೋರ್ಟ್‌ಹಾಲ್_3
ನಿಮ್ಮ ದೂರಿಗೆ ಸಹಿ ಹಾಕಿಸಬೇಡಿ. ಅವರು ಬೇರೆ ವಕೀಲರನ್ನು ನೋಡಿ, ಪಡೆದ ಕಮಿಷನ್ ಎಷ್ಟು, ಯಾರಿಂದ, ಯಾವ ಖಾತೆಗೆ ಅನ್ನೋದರ ಸಮೇತ ಬೇರೆಯಾಗಿ ಹೇಳಿಕೆ ಕೊಡಲಿ. ಗುರೂಜಿಯ ಕೈಗೆ ಹಣ ಸೇರಿದ್ದನ್ನು ಕಣ್ಣಾರೆ ಕಂಡವರು ಬಹುಶಃ ಅವರೊಬ್ಬರೇ.